ಬದಲಾಪುರಕ್ಕೆ ಹೋದ ಬೂದಿಬಾಳೆ

ಮದುವೆಯಾಗಿ ಡೊಂಬಿವಲಿಗೆ ಹೊರಟಾಗ ನನ್ನ ಜೊತೆ ಎರಡು ಪೆಟ್ಟಿಗೆ, ಒಂದು ಹಿತ್ತಾಳೆಯ ಕೊಡ ಮತ್ತು ಒಂದು ಬಾಳೆಕಂದು ಇತ್ತು. ಪೆಟ್ಟಿಗೆ, ಕೊಡ ಅಪ್ಪ ಕೊಟ್ಟದ್ದು. ಕಂದು ಅಜ್ಜಿ ಕೊಟ್ಟದ್ದು. ಕೊಂಕಣ ರೈಲು ಇನ್ನೂ ಓಡತೊಡಗಿರಲಿಲ್ಲ. ಉಡುಪಿಯಿಂದ ಬಸ್ಸಿನಲ್ಲಿ ಕೂತರೆ ಒಂದು ಇಡೀ ದಿನದ ಪ್ರಯಾಣ. ಅಷ್ಟು ದೂರ ಬಾಡದೆ ಹೋಗಬೇಕಲ್ಲ ಎಂದು ಅಜ್ಜಿ ಕಂದಿನ ಎಲೆಗಳನ್ನೆಲ್ಲ ಸವರಿ, ಬೇರು ಕೆತ್ತಿ, ಗೆಡ್ಡೆಗೆ ಸಗಣಿ ಮತ್ತು ಬೂದಿ ಮೆತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ, ಬಾಳೆನಾರಿನಿಂದಲೇ ಬಿಗಿದು ಕಟ್ಟಿದ್ದಳು. ಬಸ್ಸಿನ ಕ್ಲೀನರ್ ಅದನ್ನು ಮೇಲಕ್ಕೆ ಎಸೆಯಲು ಕೈಚಾಚಿದ. ನಾನು ಕೊಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೆ.

"ಎಂತ ಅಕ್ಕ ಅದು, ಮಗುವಾ?"

"ಬಾಳೆಕಂದು."

"ಬೊಂಬಾಯಿಯಲ್ಲಿ ಬಾಳೆಕಾಯಿ ಸಿಗುದಿಲ್ಲಂತಾ?"

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ನಾವಿಬ್ಬರೂ ಬೇರೆ ಬೇರೆ ಟಿಕೆಟಿನವರು ಎನ್ನುವ ಹಾಗೆ ಕಿಟಕಿಯ ಹೊರಗೆ ನೋಡತೊಡಗಿದರು. ಮದುವೆಯಾಗಿ ಆಗ ಹನ್ನೊಂದು ದಿನವಾಗಿತ್ತು.

ಅದು ಬೂದಿಬಾಳೆಯ ಕಂದು. ಕಾಯಿಯ ಸಿಪ್ಪೆಯ ಮೇಲೆ ವಿಭೂತಿ ಬಳಿದ ಹಾಗೆ ತೆಳ್ಳನೆಯ ಬಿಳಿ ಇರುತ್ತದೆ, ಬೆರಳಿಟ್ಟರೆ ಗುರುತು ಉಳಿಯುತ್ತದೆ. ಹಣ್ಣಿಗಿಂತ ಕಾಯಿಯ ಪಲ್ಯಕ್ಕೆ, ಹುಳಿಗೆ ಒಳ್ಳೆಯದು. ನಮ್ಮ ಹಿತ್ತಲಿಗೆ ಅದು ಬಂದದ್ದು ಅಜ್ಜಿಯ ತವರಿನಿಂದ, ಅಲ್ಲಿಗೆ ಅವಳ ಅಜ್ಜಿಯ ತವರಿನಿಂದ. "ಬಾಳೆಗೆ ಬೀಜ ಇಲ್ಲ ಮಗಾ. ಹಕ್ಕಿ ಒಯ್ಯುದಿಲ್ಲ, ಗಾಳಿ ಒಯ್ಯುದಿಲ್ಲ. ಹೆಣ್ಣುಮಕ್ಕಳು ಒಯ್ದರೆ ಮಾತ್ರ ಹೋಗ್ತದೆ," ಎಂದು ಅಜ್ಜಿ ಹೇಳುತ್ತಿದ್ದಳು. ಮನೆಯಲ್ಲಿ ನಾವು ಆಡುವುದು ತುಳು. ಇಂಥ ಮಾತುಗಳನ್ನು ಮಾತ್ರ ಅವಳು ಕನ್ನಡದಲ್ಲಿ ಹೇಳುತ್ತಿದ್ದಳು, ದೇವರ ಕೋಣೆಯ ಪಾತ್ರೆಯನ್ನು ಬೇರೆ ಇಡುವ ಹಾಗೆ.

ನಮ್ಮದು ಡೊಂಬಿವಲಿ ಪೂರ್ವದಲ್ಲಿ ನಾಲ್ಕು ಮಾಳಿಗೆಯ ಕಟ್ಟಡದ ಮೊದಲನೇ ಮಾಳಿಗೆ. ಒಂದು ಕೋಣೆ, ಒಂದು ಅಡುಗೆಮನೆ. ನನ್ನವರು ಉಲ್ಹಾಸನಗರದಲ್ಲಿ ದೂರದ ಸಂಬಂಧಿಕರೊಬ್ಬರ ಹೋಟೆಲಿನ ಹಣದ ಗಲ್ಲೆಯಲ್ಲಿ ಕೂರುತ್ತಿದ್ದರು. ಬೆಳಗಿನ ಇಡ್ಲಿ ಇಳಿಯುವ ಮೊದಲೇ ಅವರು ಅಲ್ಲಿರಬೇಕು, ಕೊನೆಯ ಗಿರಾಕಿ ಕೈತೊಳೆದ ಮೇಲೆಯೇ ಹೊರಡಬೇಕು. ವಾರದ ರಜೆ ಎನ್ನುವುದು ಇರಲಿಲ್ಲ. ಅವರು ಹೊರಟು ಬಾಗಿಲು ಹಾಕಿಕೊಂಡ ಮೇಲೆ ನನ್ನ ದಿನ ಶುರುವಾಗಿ, ಅವರಿಗೆ ಬಾಗಿಲು ತೆರೆಯುವ ಮೊದಲೇ ಮುಗಿಯುತ್ತಿತ್ತು. ನಡುವಿನಲ್ಲಿ ಹದಿನೈದು ಗಂಟೆ. ಲೋಕಲ್ ಗಾಡಿಗಳ ಸದ್ದು ಎಣಿಸಿದೆ, ನೆಲ ಎರಡು ಸಲ ಒರೆಸಿದೆ. ಒಂದು ದಿನ ಹಾಲಿನವನು ಸಂಜೆಯ ಹೊತ್ತು ಬಾಗಿಲು ತಟ್ಟಿ ಏನೋ ಕೇಳಿದ. ನಾಳೆಗೆ ಅರ್ಧ ಲೀಟರು ಸಾಕು ಎಂದೆ. ಬೆಳಗಿನಿಂದ ಅದು ನನ್ನ ಮೊದಲ ಮಾತು.

ಕಂದನ್ನು ನೆಟ್ಟದ್ದು ಕಟ್ಟಡದ ಹಿಂದೆ, ಅಡುಗೆಮನೆಗಳ ಬಚ್ಚಲ ನೀರು ಹರಿದು ಹೋಗುವಲ್ಲಿ. ಗೋಡೆಗೂ ಕಂಪೌಂಡಿಗೂ ನಡುವೆ ಮೂರು ಅಡಿ ಮಣ್ಣು. ಮಳೆ ಹಿಡಿದ ವಾರ. ಕೊಡಲಿ ಇಲ್ಲ, ಗುದ್ದಲಿ ಇಲ್ಲ. ತೆಂಗಿನಕಾಯಿ ಒಡೆಯುವ ಕತ್ತಿಯಿಂದಲೇ ಗುಂಡಿ ತೋಡುತ್ತಿದ್ದೆ. ಕೆಳಗಿನ ಮನೆಯ ಕಿಟಕಿಯ ಸರಳಿನ ಹಿಂದಿನಿಂದ ಒಂದು ಸ್ವರ ಬಂತು.

"ಅಷ್ಟು ಆಳ ಬೇಡ ಮಾರಾಯ್ತಿ. ಕುತ್ತಿಗೆ ಮುಚ್ಚಿದರೆ ಕೊಳೀತದೆ."

ಕನ್ನಡ. ಅದೂ ನಮ್ಮ ಕಡೆಯ ಕನ್ನಡ. ನಾನು ಕತ್ತಿ ಹಿಡಿದುಕೊಂಡು ಹಾಗೆಯೇ ನಿಂತೆ.

ಆ ಮನೆಯ ಅಜ್ಜನ ಪರಿಚಯ ಆದದ್ದು ಹಾಗೆ. ಎಪ್ಪತ್ತು ದಾಟಿದವರು, ಹೆಂಡತಿ ಇಲ್ಲ. ಮಗ ಠಾಣೆ-ಬೇಲಾಪುರ ರಸ್ತೆಯ ಯಾವುದೋ ಕಂಪನಿಯಲ್ಲಿ, ಸೊಸೆ ಶಾಲೆಯ ಟೀಚರು. ಇಬ್ಬರು ಮೊಮ್ಮಕ್ಕಳು. ಅಜ್ಜ "ಊಟ ಆಯ್ತಾ?" ಎಂದು ಕೇಳಿದರೆ "ಹೋ ಗಯಾ ದಾದಾಜಿ" ಎಂದು ಹಿಂದಿಯಲ್ಲಿ ಟಿವಿಯ ಕಡೆಗೇ ಉತ್ತರಿಸುತ್ತಿದ್ದವು. ಕೆಟ್ಟ ಮಕ್ಕಳಲ್ಲ, ಆ ಮಾತಿಗೆ ಬೇರೆ ಉತ್ತರ ಅವುಗಳಿಗೆ ಗೊತ್ತಿರಲಿಲ್ಲ ಅಷ್ಟೆ. ಹತ್ತು ಗಂಟೆಗೆ ಎಲ್ಲರೂ ಹೋದ ಮೇಲೆ ಅಜ್ಜ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ನಾನು ಬಾಳೆಗೆ ನೀರು ಹಾಕುವ ನೆಪದಲ್ಲಿ ಇಳಿಯುತ್ತಿದ್ದೆ. ಮಳೆಗಾಲದಲ್ಲೂ ನೀರು ಹಾಕುತ್ತಿದ್ದೆ.

ಅವರು ಸರಕಿನ ಹಡಗಿನಲ್ಲಿ ಖಲಾಸಿಗಳಿಗೆ ಅಡುಗೆ ಮಾಡುತ್ತಿದ್ದವರು. ಹಡಗಿನಲ್ಲಿ ಆ ಕೆಲಸದವನನ್ನು ಭಂಡಾರಿ ಎನ್ನುತ್ತಿದ್ದರಂತೆ. ಬೊಂಬಾಯಿಯಿಂದ ಆಫ್ರಿಕದ ದಡಕ್ಕೆ ಎಷ್ಟೋ ವರ್ಷ ಓಡಾಡಿದ್ದರು. ಒಮ್ಮೆ ಜಾಂಜಿಬಾರಿನಲ್ಲಿ ಅವರಿಗೆ ಜ್ವರ ಬಂತು. ಹಡಗು ಕಾಯಲಿಲ್ಲ, ಅವರನ್ನು ದಡದಲ್ಲಿ ಬಿಟ್ಟು ಹೋಯಿತು. ಬಂದರಿನ ಹಿಂದಿನ ಓಣಿಯಲ್ಲಿ ಒಬ್ಬ ಹೆಂಗಸಿನ ಮನೆಯಲ್ಲಿ ಮೂರು ವಾರ ಬಿದ್ದುಕೊಂಡಿದ್ದರು.

"ಗಂಜಿ ಕುಡಿದರೆ ವಾಂತಿ, ನೀರು ಕುಡಿದರೆ ವಾಂತಿ. ಸತ್ತೆ ಅಂತಲೇ ಲೆಕ್ಕ. ಒಂದು ದಿನ ಅವಳು ಬಾಳೆಕಾಯಿ ತೆಂಗಿನಹಾಲಲ್ಲಿ ಬೇಯಿಸಿ ತಂದ್ಲು. ಉಪ್ಪು ಬಿಟ್ರೆ ಮತ್ತೆಂತದೂ ಇಲ್ಲ. ಅದು ಒಳಗೆ ನಿಂತಿತು ನೋಡು. ಎರಡು ದಿನ ಬಿಟ್ಟು ಎದ್ದು ಹಿತ್ತಲಿಗೆ ಹೋದೆ. ಹೋದ್ರೆ ಎಂತ, ನಮ್ಮಮ್ಮನ ಬೂದಿಬಾಳೆ. ಅದೇ ಕಾಯಿ, ಅದೇ ಬೂದಿ."

"ಮತ್ತೆ?"

"ಮತ್ತೆಂತ. ಪಕ್ಕದ ಗುಜರಾತಿ ಅಂಗಡಿಯವನ ಬಾಯಲ್ಲಿ ಇದು ನಮ್ಮ ಊರಿದ್ದು ಅಂತ ಹೇಳಿಸಿದೆ. ಅವಳು ಹೊಟ್ಟೆ ಹಿಡ್ಕೊಂಡು ನಗಾಡಿದ್ಲು. ಇದು ನನ್ನ ಅಜ್ಜಿಯ ಅಜ್ಜಿ ನೆಟ್ಟದ್ದು ಅಂದ್ಲು. ಮತ್ತಿನ ಹಡಗು ಹತ್ತಿದ ಮೇಲೆ ಈ ಸಂಗತಿ ನಮ್ಮ ಸಾರಂಗನಿಗೆ ಹೇಳಿದೆ. ಖಲಾಸಿಗಳ ಮೇಸ್ತ್ರಿ ಅವ. ಮಲಾಯ ಕಡೆಯ ದ್ವೀಪದವ. ಅವನಿಗೆ ಸಿಟ್ಟು ಬಂದದ್ದೆಂತ. ನೀವಿಬ್ಬರೂ ಕಳ್ಳರು, ಬಾಳೆ ನಮ್ಮದು, ನಮ್ಮವರು ದೋಣಿಯಲ್ಲಿ ತಂದು ನಿಮಗೆ ಕೊಟ್ಟದ್ದು ಅಂದ."

ಸಾರಂಗ ಹೇಳಿದ್ದರಲ್ಲಿ ಹುರುಳಿದೆ ಎಂದು ಆಮೇಲೆ ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಬಾಳೆಯ ಮೂಲ ಆ ಪೂರ್ವದ ಕಾಡುಗಳು, ದ್ವೀಪಗಳೇ. ಅಲ್ಲಿಯ ದೋಣಿಯವರು ಹಿಂದೂ ಮಹಾಸಾಗರ ದಾಟಿ ಆಫ್ರಿಕದ ಪಕ್ಕದ ದೊಡ್ಡ ದ್ವೀಪದಲ್ಲಿ ನೆಲೆ ನಿಂತರು. ಅಲ್ಲಿಯವರ ಮಾತಿನಲ್ಲಿ ಇಂದಿಗೂ ಆ ಪೂರ್ವದ ಭಾಷೆಯ ಎಲುಬು ಇದೆಯಂತೆ. ಬಾಳೆ ಆಫ್ರಿಕದ ಈ ದಡದಿಂದ ಆ ದಡಕ್ಕೆ ನಡೆಯಿತು, ಅಲ್ಲಿಂದ ಪೋರ್ಚುಗೀಸರ ಕಾಲದಲ್ಲಿ ಇನ್ನೊಂದು ಸಮುದ್ರ ದಾಟಿ ಅಮೆರಿಕಕ್ಕೂ ಹೋಯಿತು. ಯಾವ ಕಂದು ಯಾವ ದೋಣಿಯಲ್ಲಿ ಹೋಯಿತೆಂದು ಪಂಡಿತರಲ್ಲಿ ಈಗಲೂ ಒಮ್ಮತವಿಲ್ಲ. ಆದರೆ ಬೀಜವಿಲ್ಲದ ಬಾಳೆ ತಾನಾಗಿ ತೇಲಿ ಹೋಗಿ ಚಿಗುರುವುದಿಲ್ಲ. ಯಾರೋ ಎಲೆ ಸವರಿ, ಒದ್ದೆ ಮಾಡಿ, ಸುತ್ತಿ, ಉಪ್ಪುನೀರು ತಾಗದ ಹಾಗೆ ಕಾದುಕೊಂಡು ಕೂತಿರಲೇಬೇಕು. ಗಂಡಸರು ಹಾಯಿ ಕಟ್ಟಿರಬಹುದು, ನಕ್ಷತ್ರ ನೋಡಿರಬಹುದು. ತೊಡೆಯ ಮೇಲೆ ಕಂದು ಇಟ್ಟುಕೊಂಡು ಕೂತದ್ದು ನನ್ನಂಥ ಒಬ್ಬಳೇ ಇರಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ. ದಡ ಸೇರಿದ ಮೇಲೆ ಅವಳು ಯಾರ ಜೊತೆ ಮಾತಾಡಿದಳೋ.

ಅಜ್ಜನಿಗೆ ಒಂದೇ ಆಸೆ ಇತ್ತು. ಈ ಗಿಡದ ತುಂಬಿದ ಗೊನೆಯ ಕಾಯಿಯನ್ನು ತೆಂಗಿನಹಾಲಿನಲ್ಲಿ ಬೇಯಿಸಿ ಒಂದು ಸಲ ತಿನ್ನಬೇಕು. ಮಾರ್ಕೆಟಿನ ಹಸಿರು ಕಾಯಿ ತಂದು ಮಾಡಿಕೊಟ್ಟಿದ್ದೆ. "ಇದು ಬಟಾಟೆ," ಎಂದು ಬದಿಗಿಟ್ಟರು.

ಮೊದಲ ವರ್ಷ ಗಿಡ ಬೆಳೆಯುವುದರಲ್ಲೇ ಕಳೆಯಿತು. ಎರಡನೇ ಶ್ರಾವಣದ ಹೊತ್ತಿಗೆ ಎಲೆಗಳು ನನ್ನ ಅಡುಗೆಮನೆಯ ಕಿಟಕಿಯವರೆಗೆ ಬಂದು ಸರಳಿಗೆ ಸವರುತ್ತಿದ್ದವು. ಒಂದು ಸೋಮವಾರ ಯಾರೋ ಬಾಗಿಲು ತಟ್ಟಿದರು. ಮೂರನೇ ಮಾಳಿಗೆಯ ಮರಾಠಿ ಹೆಂಗಸು. ಒಂದು ವರ್ಷದಿಂದ ಮೆಟ್ಟಿಲಲ್ಲಿ ಬರಿಯ ಮುಗುಳ್ನಗೆ.

"ವಹಿನಿ, ಘರೀ ಪೂಜಾ ಆಹೇ. ಕೇಳೀಚ ಏಕ ಪಾನ ದ್ಯಾಲ ಕಾ?"

ಮನೆಯಲ್ಲಿ ಪೂಜೆ, ಒಂದು ಬಾಳೆಲೆ ಬೇಕು. ನಾನು ಕತ್ತಿ ತೆಗೆದುಕೊಂಡು ಕಿಟಕಿಯಿಂದಲೇ ಕೊಯ್ದು ಕೊಟ್ಟೆ. ಆಕೆ ಒಳಗೆ ಬಂದು ಕೂತಳು. ಚಹಾ ಮಾಡಿದೆ. ನನ್ನ ಮರಾಠಿಗೆ ಅವಳು ನಕ್ಕಳು, ನಾನೂ ನಕ್ಕೆ. ಅರ್ಧ ಗಂಟೆ ಇದ್ದಳು. ಮರುದಿನ ಪ್ರಸಾದದ ತಟ್ಟೆಯ ಜೊತೆ ಇನ್ನೊಬ್ಬಳನ್ನು ಕರೆತಂದಳು. ಅವಳಿಗೆ ಶುಕ್ರವಾರಕ್ಕೆ ಎಲೆ ಬೇಕಿತ್ತು.

ಊರಿನಲ್ಲಿ ನಮಗೆ ಎಲೆಗೆ ಬೇರೆ ಬಾಳೆ, ಗೊನೆಗೆ ಬೇರೆ ಬಾಳೆ. ಗೊನೆಯ ಬಾಳೆಯ ಎಲೆಗೆ ಕತ್ತಿ ತಾಗಿಸಿದರೆ ಅಜ್ಜಿ ಆ ದಿನವಿಡೀ ಮಾತು ಬಿಡುತ್ತಿದ್ದಳು. ಅದು ಗೊತ್ತಿಲ್ಲದೆ ಮಾಡಿದೆ ಎಂದು ನಾನು ಹೇಳಲಾರೆ. ಗೊತ್ತಿದ್ದೇ ಮಾಡಿದೆ. ಇಲ್ಲಿ ಇದ್ದದ್ದು ಒಂದೇ ಗಿಡ. ಅದರಿಂದ ಅಜ್ಜನಿಗೆ ಬೇಕಿದ್ದದ್ದು ಗೊನೆ, ನನಗೆ ಬೇಕಿದ್ದದ್ದು ಜನ.

"ಎಂಟು ಎಲೆಯಾದ್ರೂ ನಿಲ್ಲಬೇಕು, ಮಗಾ," ಎನ್ನುತ್ತಿದ್ದರು ಅಜ್ಜ. "ಗೊನೆಗೆ ಊಟ ಹಾಕುದು ಎಲೆ." ಬೆಳಿಗ್ಗೆ ಕಿಟಕಿಯಿಂದ ಎಣಿಸುತ್ತಿದ್ದರು. ನಾನು ಮಧ್ಯಾಹ್ನ, ಅವರು ಮಲಗಿದ ಹೊತ್ತಿಗೆ ಕೊಯ್ಯುತ್ತಿದ್ದೆ. ಗಾಳಿಗೆ ಮುರಿಯಿತು ಎಂದೆ ಒಮ್ಮೆ. ದನ ತಿಂದಿತು ಎಂದೆ ಇನ್ನೊಮ್ಮೆ. ಕಂಪೌಂಡಿನ ಒಳಗೆ ದನ ಎಲ್ಲಿಂದ ಬರಬೇಕು. ಒಂದು ದಿನ ಕಿಟಕಿಯ ಹತ್ತಿರ ನಿಂತು ಮಾತಾಡುವಾಗ ಅಜ್ಜ ನನ್ನ ಸೀರೆಯ ಸೆರಗನ್ನೇ ನೋಡುತ್ತಿದ್ದರು. ಕಂದು ಬಣ್ಣದ ಕಲೆಗಳು, ಹನಿ ಹನಿ.

"ಬಾಳೆಯ ಕರೆ ಯಾವ ಸಾಬೂನಿಗೂ ಹೋಗುದಿಲ್ಲ," ಎಂದರು.

ನಾನು ಸೆರಗನ್ನು ಮುದುಡಿಕೊಂಡೆ.

"ಯಾರಿಗೆ ಕೊಟ್ಟೆ?"

"ಮೂರನೇ ಮಾಳಿಗೆಯವರಿಗೆ."

"ಒಳಗೆ ಬಂದ್ರಾ?"

"ಬಂದ್ರು."

"ಎಷ್ಟು ಹೊತ್ತು ಕೂತ್ರು?"

"ಮುಕ್ಕಾಲು ಗಂಟೆ."

"ಚಾ ಕುಡಿದ್ರಾ?"

"ಎರಡು ಸಲ."

ಬೈಯಲಿಲ್ಲ. ಅದೇ ತಪ್ಪಾಯಿತು. ಬೈದಿದ್ದರೆ ನಿಲ್ಲಿಸುತ್ತಿದ್ದೆನೋ ಏನೋ. ಚೌತಿಗೆ ಆರು ಎಲೆ ಹೋಯಿತು. ನವರಾತ್ರಿಗೆ ಮೊದಲು ಹೂವು ಕೆಂಪಗೆ ಹೊರಬಂದಾಗ ಗಿಡದಲ್ಲಿ ನಿಂತದ್ದು ಮೂರೇ ಎಲೆ. ದಳಗಳು ಒಂದೊಂದಾಗಿ ಬಿದ್ದು ನಾಲ್ಕು ಚಿಪ್ಪು ಕಾಣಿಸಿಕೊಂಡಿತು. ಕಾಯಿಗಳು ಮಕ್ಕಳ ಬೆರಳಿನಷ್ಟು. ನನ್ನ ಮನೆಗೆ ಆಗ ಐದಾರು ಹೆಂಗಸರು ಬರುತ್ತಿದ್ದರು. ಎಲೆ ಮುಗಿದ ಮೇಲೆ ಇಬ್ಬರು ಬಂದರು. ಆಮೇಲೆ ಒಬ್ಬಳು.

ದಸರೆ ಮುಗಿದ ವಾರ ಅಜ್ಜ ಹೇಳಿದರು: "ಮಗ ಬದಲಾಪುರದಲ್ಲಿ ಫ್ಲಾಟು ತಗೊಂಡ. ದೀಪಾವಳಿ ರಜೆಯಲ್ಲಿ ಸಾಮಾನು ಸಾಗಿಸುದಂತೆ."

ನನಗೆ ಮೊದಲು ನೆನಪಾದದ್ದು ಗೊನೆ. ತುಂಬಲು ಇನ್ನೂ ಎರಡು ತಿಂಗಳಾದರೂ ಬೇಕು. ತುಂಬುವುದಾದರೆ. "ಈಗಲೇ ಕೊಯ್ದು ಮಾಡಿ ಕೊಡ್ತೇನೆ ಅಜ್ಜ," ಎಂದೆ.

"ಬೇಡ. ಎಳೆ ಕೂಸನ್ನು ಯಾರಾದ್ರೂ ಬೇಯಿಸ್ತಾರಾ?" ಎಂದು ನಕ್ಕರು. "ಒಂದು ಕಂದು ಕಿತ್ತು ಕೊಡು. ಸಾಕು."

ಅಜ್ಜಿ ಮಾಡಿದ ಹಾಗೆಯೇ ಮಾಡಿದೆ. ಎಲೆ ಸವರಿದೆ, ಬೇರು ಕೆತ್ತಿದೆ. ಸಗಣಿಗಾಗಿ ಸ್ಟೇಷನ್ನಿನ ಆಚೆಯ ಎಮ್ಮೆಗಳ ತಬೇಲೆಯವರೆಗೆ ನಡೆದೆ. ಗೋಣಿ ಸುತ್ತಿ ನಾರಿನಿಂದ ಕಟ್ಟಿದೆ. ಸಾಮಾನು ಹೇರಲು ಬಂದ ಹಮಾಲರಲ್ಲಿ ಒಬ್ಬ ರಾಯಚೂರಿನ ಕಡೆಯವ. ಕಪಾಟು, ಫ್ರಿಜ್ಜು ಎಲ್ಲ ಟೆಂಪೋಕ್ಕೆ ಏರಿಸಿದ ಮೇಲೆ ಗೋಣಿಯ ಕಡೆಗೆ ನೋಡಿದ.

"ಯಜ್ಜಾ, ಇದೇನ್ರಿ?"

"ಬಾಳೆಕಂದು."

"ಬಾಳಿಗಿಡ ಹೊತ್ಕೊಂಡು ಬದಲಾಪುರಕ್ಕ ಹೊಂಟೀರಿ? ಆ ಬಿಲ್ಡಿಂಗಿಗೆ ಸಿಮೆಂಟ್ ಹೊತ್ತಾವ ನಾನಽ. ಮೂರನೇ ಮಾಳಿಗ್ಯಾಗ ಮಣ್ಣ ಎಲ್ಲೈತ್ರಿ?"

"ಕೆಳಗೆ ಇಲ್ವಾ?"

ಅವನು ಯೋಚಿಸಿದ. "ನೀರಿನ ಟಾಕಿ ಹಿಂದ ಐತಿ ನೋಡ್ರಿ, ಒಂದೀಟು. ನಾವು ಕೈ ತೊಳ್ಕೊಳ್ಳೋ ಜಾಗ."

"ಹಾಗಾದ್ರೆ ಆಯ್ತು," ಎಂದರು ಅಜ್ಜ. ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ಕೂತು ಕಂದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಟೆಂಪೋ ತಿರುವು ದಾಟುವವರೆಗೂ ಗೋಣಿಯ ತುದಿ ಕಿಟಕಿಯಿಂದ ಹೊರಗೆ ಕಾಣಿಸುತ್ತಿತ್ತು.

ನಮ್ಮ ಗೊನೆ ಜನವರಿಯಲ್ಲಿ ಬಲಿಯಿತು ಎಂದುಕೊಂಡು ಕೊಯ್ದೆ. ತೆಂಗಿನಹಾಲಿನಲ್ಲಿ ಬೇಯಿಸಿದೆ. ಒಗರು. ಅಡುಗೆಮನೆಯಲ್ಲಿ ನಿಂತೇ ತಿಂದೆ. ನನ್ನವರಿಗೆ ಮುಚ್ಚಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ತಟ್ಟೆ ಖಾಲಿಯಾಗಿತ್ತು. ಹೇಗಿತ್ತು ಎಂದು ಕೇಳಿದೆ. "ಎಂತದು?" ಎಂದರು. ಪಾಪ, ಹೋಟೆಲಿನಿಂದ ಬಂದ ಮನುಷ್ಯನಿಗೆ ಬಾಯಿಗೆ ಹೋದದ್ದು ಏನೆಂದು ನೋಡುವಷ್ಟೂ ಶಕ್ತಿ ಇರುತ್ತಿರಲಿಲ್ಲ.

ಡೊಂಬಿವಲಿಯಿಂದ ಬದಲಾಪುರ ಏನು ದೂರ. ಕಲ್ಯಾಣ ದಾಟಿದರೆ ಕೆಲವೇ ಸ್ಟೇಷನ್ನು. ಸಮುದ್ರ ದಾಟಿದವರ ಕಥೆ ಕೇಳಿದವಳು ನಾನು. ಆದರೂ ಈ ತಿಂಗಳು ಹೋಗುತ್ತೇನೆ, ಮುಂದಿನ ತಿಂಗಳು ಹೋಗುತ್ತೇನೆ ಎಂದು ಒಂದು ವರ್ಷ ಕಳೆಯಿತು. ಹೋಗಿ ಯಾವ ಮುಖ ತೋರಿಸುವುದು ಎನ್ನುವುದೂ ಇತ್ತು. ಮುಂದಿನ ಮಾರ್ಗಶಿರದಲ್ಲಿ ಸೊಸೆ ನಮ್ಮ ಕೆಳಗಿನ ಕಿರಾಣಿ ಅಂಗಡಿಗೆ ಫೋನು ಮಾಡಿ ಹೇಳಿಸಿದಳು: ಅಜ್ಜ ಕರೆಯುತ್ತಿದ್ದಾರೆ, ಗೊನೆ ಬಲಿತಿದೆಯಂತೆ, ನೀವೇ ಬಂದು ಬೇಯಿಸಬೇಕಂತೆ.

ಹೋದದ್ದು ಒಂದು ಗುರುವಾರ. ಸಾಲುಮನೆಗಳ ಕೊನೆಯಲ್ಲಿ ಅವರ ಕಟ್ಟಡ, ಅದರಾಚೆಗೆ ಹುಲ್ಲು, ಮತ್ತೆ ಗುಡ್ಡ. ನೀರಿನ ಟಾಕಿಯ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜ ಕೂತಿದ್ದರು. ಸಣ್ಣಗಾಗಿದ್ದರು. ಪಕ್ಕದಲ್ಲಿ ಬಾಳೆ ನಿಂತಿತ್ತು. ಅಂಥ ಬಾಳೆಯನ್ನು ನಾನು ಊರು ಬಿಟ್ಟ ಮೇಲೆ ನೋಡಿರಲಿಲ್ಲ. ಒಂದು ಎಲೆಗೂ ಕತ್ತಿ ತಾಗಿಲ್ಲ. ಬಿದಿರಿನ ಊರುಗೋಲಿನ ಮೇಲೆ ಗೊನೆ ತೂಗುತ್ತಿತ್ತು. ಬೂದಿ ಬೆಳ್ಳಗೆ.

"ಎಣಿಸು," ಎಂದರು.

ಎಣಿಸಿದೆ. ಹನ್ನೊಂದು ಎಲೆ. ಒಂಬತ್ತು ಚಿಪ್ಪು.

"ಒಬ್ಬರಿಗೂ ಕೊಡ್ಲಿಲ್ಲ. ಇಡೀ ದಿನ ಇಲ್ಲೇ ಕೂತು ಕಾದೆ."

"ಕೇಳಿಕೊಂಡು ಬಂದವರು ಇದ್ರಾ?"

"ಮೊದಲು ಬರ್ತಿದ್ರು. ಇಲ್ಲ ಅಂದೆ. ಮತ್ತೆ ಬಿಟ್ರು."

"ಮತ್ತೆ ಯಾರ ಹತ್ರ ಮಾತಾಡುದು ಅಜ್ಜ ನೀವು?"

ಅವರು ಎದ್ದು ಮೇಲಿನ ಚಿಪ್ಪು ತೋರಿಸಿದರು. "ಇದೊಂದು ಬಲಿತದೆ. ಇದನ್ನು ಮಾತ್ರ ಕೊಯ್ಯಿ. ಉಳಿದದ್ದು ಇನ್ನು ಮೂರು ವಾರ ನಿಲ್ಲಲಿ."

ಮನೆಯಲ್ಲಿ ಯಾರೂ ಇರಲಿಲ್ಲ. ಸೊಸೆಯ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿದು ಹಾಲು ಹಿಂಡಿದೆ. ಕಾಯಿಯ ಸಿಪ್ಪೆ ಕೆತ್ತಿ ಉದ್ದಕ್ಕೆ ಸೀಳಿ, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿದೆ. ಬಟ್ಟಲು ಅವರ ಮುಂದಿಟ್ಟು ಪಾತ್ರೆ ತೊಳೆಯಲು ಹೊರಟೆ.

"ಎಲ್ಲಿಗೆ? ಕೂತ್ಕೋ."

ಕೂತೆ. ಒಂದು ಹೋಳು ತಿಂದರು. ಇನ್ನೊಂದು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಅದೇನಾ ಅಜ್ಜ?"

"ಅದೇ." ಬಟ್ಟಲನ್ನು ಸ್ವಲ್ಪ ತಿರುಗಿಸಿದರು. "ಆ ಹೆಂಗಸು ಎದುರು ಕೂತು ಮಾತಾಡ್ತಾ ಇರ್ತಿದ್ಲು. ನನಗೆ ಅವಳ ಒಂದು ಶಬ್ದ ಗೊತ್ತಾಗ್ತಿರ್ಲಿಲ್ಲ. ಅವಳಿಗೂ ಗೊತ್ತಿತ್ತು ಅದು. ಆದ್ರೂ ಮಾತಾಡ್ತಿದ್ಲು, ಬಟ್ಟಲು ಖಾಲಿ ಆಗುವವರೆಗೆ." ಮೂರನೇ ಹೋಳು ಕೈಯಲ್ಲೇ ಇತ್ತು. "ನೀನೂ ಎಂತಾದ್ರೂ ಹೇಳು."

ನಾನು ಆ ವರ್ಷವಿಡೀ ಕೂಡಿಟ್ಟದ್ದೆಲ್ಲ ಹೇಳಿದೆ. ಹಾಲಿನವನು ಬದಲಾದದ್ದು, ಮೂರನೇ ಮಾಳಿಗೆಯವಳ ಮಗಳಿಗೆ ಗಂಡು ಗೊತ್ತಾದದ್ದು, ಅಜ್ಜಿಯ ಕಾಗದ ಬಂದದ್ದು. ಅವರು ಎಲ್ಲವನ್ನೂ ತಿಂದರು.

ನಾನು ತೊಳೆದ ಕತ್ತಿ ಹಿಡಿದುಕೊಂಡು ಅಜ್ಜನ ಜೊತೆ ಕೆಳಗೆ ಇಳಿದು ಬಂದಾಗ ಬಾಳೆಯ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಅದೇ ಕಟ್ಟಡದವಳು, ತಲೆಸ್ನಾನ ಮಾಡಿ ಕೂದಲಿಗೆ ಟವಲು ಸುತ್ತಿದ್ದಳು. ಕೇಳಲೋ ಬೇಡವೋ ಎಂಬಂತೆ ಇದ್ದಳು. ಮಾರ್ಕೆಟಿನಲ್ಲಿ ಎಲೆ ಮುಗಿದಿದೆ, ಇವತ್ತು ಮಾರ್ಗಶಿರದ ಗುರುವಾರ, ಲಕ್ಷ್ಮಿಪೂಜೆ, ನೈವೇದ್ಯಕ್ಕೆ ಒಂದು ಎಲೆ, ಸಣ್ಣದಾದರೂ ಸಾಕು ಬಾಬಾ ಎಂದು ಹಿಂದಿಯಲ್ಲಿ ಹೇಳಿದಳು.

ಅಜ್ಜ ನನ್ನ ಕೈಯಿಂದ ಕತ್ತಿ ತೆಗೆದುಕೊಂಡರು. ಗೊನೆಯ ಪಕ್ಕದ್ದೇ, ಎಲ್ಲಕ್ಕಿಂತ ದೊಡ್ಡ ಎಲೆಯನ್ನು ಬಗ್ಗಿಸಿ ಕೊಯ್ದರು. ಕರೆ ಅವರ ಬಿಳಿ ಲುಂಗಿಯ ಮೇಲೆ ತೊಟ್ಟಿಕ್ಕಿತು.

"ಬೈಠೋ ಬೇಟಿ," ಎಂದು ಕುರ್ಚಿಯನ್ನು ಅವಳ ಕಡೆಗೆ ತಳ್ಳಿದರು. "ಚಾಯ್ ಪೀಕೇ ಜಾನಾ."

"ನಹೀ ಬಾಬಾ, ಗ್ಯಾಸ್ ಪೇ ದೂಧ್ ರಖಾ ಹೈ," ಎಂದು ಅವಳು ಒಲೆಯ ಮೇಲಿನ ಹಾಲಿನ ಗಡಿಬಿಡಿಯಲ್ಲಿ ಎಲೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲಿನ ಕಡೆಗೆ ಓಡಿದಳು. ತಿರುವಿನಲ್ಲಿ ಎಲೆಯ ತುದಿ ಗೋಡೆಗೆ ಸವರಿತು.

ಅಜ್ಜ ಖಾಲಿ ಕುರ್ಚಿಯಲ್ಲಿ ತಾವೇ ಕೂತರು. ಗಿಡವನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಹತ್ತು ಎಲೆ ಇತ್ತು.

"ಈ ಪೂಜೆ ಎಷ್ಟು ಗುರುವಾರ?"

"ನಾಲ್ಕು."

"ಇವತ್ತಿದ್ದು ಎಷ್ಟನೇದು?"

"ಮೊದಲನೇದು."

"ಹಾಗಾದ್ರೆ ಇನ್ನೂ ಮೂರು ಸಲ ಬರ್ತಾಳೆ," ಎಂದರು.